ಬಿಸಿ, ನೀರು, ಬಂಡೆ: ಮೂರರ ಲೆಕ್ಕ ಒಂದೇ ಖಾತೆಯಲ್ಲಿ!

ಕೋಲಾರದ ಗಣಿಯಾಳದಲ್ಲಿ ಕಾದ ಹೀಟರಿಗೂ ದೇಶವಿದೇಶದ ಕಂಪ್ಯೂಟರ್ ಕಮ್ಮಟಕ್ಕೂ ಏನು ಸಂಬಂಧ?

ರಾಬರ್ಟ್‌ಸನ್‌ಪೇಟೆ ಮಾರುಕಟ್ಟೆಯಲ್ಲಾಗಲಿ, ಬಂಗಾರಪೇಟೆ ಬಸ್ಸಿನಲ್ಲಾಗಲಿ ‘ಅಣುಕಸ’ ಎಂಬ ಮಾತು ಎತ್ತಿ ನೋಡಿ. ಹತ್ತು ಜನ ಹತ್ತು ಥರ ಮಾತಾಡುತ್ತಾರೆ. ಗಣಿಯೊಳಗೆ ಏನೋ ಹೂತಿದ್ದಾರಂತೆ ಎನ್ನುವವರು ಕೆಲವರು. ಇನ್ನೂ ಹೂತಿಲ್ಲ, ಹೂಳುವ ಯೋಚನೆ ಇದೆಯಂತೆ ಎನ್ನುವವರು ಕೆಲವರು. ಎಲ್ಲ ಬರೀ ಪುಕಾರು, ಸುಮ್ಮನಿರಿ ಎಂದು ಗದರುವವರೂ ಉಂಟು.

ಈ ಗುಸುಗುಸು ಗಲಾಟೆಯಾಗಿ ಬೀದಿಗೆ ಬಂದದ್ದು 2012ರ ನವೆಂಬರಿನಲ್ಲಿ. ತಮಿಳುನಾಡಿನ ಕೂಡಂಕುಳಂ ಅಣುವಿದ್ಯುತ್ ಸ್ಥಾವರದ ಮೊಕದ್ದಮೆ ಆಗ ಸುಪ್ರೀಂ ಕೋರ್ಟಿನಲ್ಲಿ ನಡೆಯುತ್ತಿತ್ತು. ಸ್ಥಾವರದ ಕಸದ ಗತಿ ಏನು ಎಂಬ ಪ್ರಶ್ನೆ ಎದ್ದಾಗ ಕೋಲಾರದ ಚಿನ್ನದ ಗಣಿಯ ಹೆಸರು ಕೋರ್ಟಿನಲ್ಲಿ ಕೇಳಿಬಂತು. ಸುದ್ದಿ ಊರು ಮುಟ್ಟಿದ್ದೇ ತಡ, ಜನ ಪ್ರತಿಭಟನೆಗೆ ಇಳಿದರು. ಕೆಲವೇ ದಿನಗಳಲ್ಲಿ ಕೇಂದ್ರದ ಕಡೆಯವರು ಸ್ಪಷ್ಟನೆ ಕೊಟ್ಟರು: ಕೆಜಿಎಫ್‌ನಲ್ಲಿ ಕಸ ಹೂಳುವ ಯೋಚನೆ ಇಲ್ಲ, ಅಲ್ಲಿ ಹಿಂದೆ ನಡೆದದ್ದು ಒಂದು ಸಂಶೋಧನೆ ಮಾತ್ರ.

ಗಲಾಟೆ ಅಲ್ಲಿಗೆ ತಣ್ಣಗಾಯಿತು. ಆದರೆ ಆ ಸಂಶೋಧನೆ ಎಂಥದ್ದು, ಯಾಕೆ ಬೇಕಾಗಿತ್ತು, ಅದರಿಂದ ಯಾರಿಗೇನು ತಿಳಿಯಿತು ಎಂಬುದು ಸಂತೆಯಲ್ಲಿ ನಿಂತ ಜನಕ್ಕೆ ಸರಿಯಾಗಿ ಮುಟ್ಟಲೇ ಇಲ್ಲ. ಅದನ್ನು ತಿಳಿಯಬೇಕಾದರೆ ಗಣಿಯ ಆಳದಿಂದ ಶುರುಮಾಡಿ, ಸ್ವೀಡನ್, ಸ್ವಿಟ್ಜರ್ಲೆಂಡ್, ಜಪಾನ್ ಸುತ್ತಿ ಬರಬೇಕು.

ಆಳದಲ್ಲಿ ಕಾದ ಹೀಟರು

ಬಾಬಾ ಅಣು ಸಂಶೋಧನಾ ಕೇಂದ್ರದವರು 1980ರ ದಶಕದಲ್ಲಿ ಕೋಲಾರ ಚಿನ್ನದ ಗಣಿಯ ಕೆಲಸ ನಿಂತ ಒಂದು ಭಾಗವನ್ನು ಆರಿಸಿಕೊಂಡರು. ನೆಲದಿಂದ ಸುಮಾರು 1000 ಮೀಟರ್ ಕೆಳಗೆ ಒಂದು ಕೋಣೆ. ಅಲ್ಲಿ ಅವರಿಟ್ಟದ್ದು ವಿದ್ಯುತ್ ಹೀಟರು. ಸುತ್ತಲ ಬಂಡೆಯನ್ನು ಬಿಸಿ ಮಾಡಿ, ಅದು ಎಷ್ಟು ಹಿಗ್ಗುತ್ತದೆ, ಎಲ್ಲಿ ಬಿಗಿಯುತ್ತದೆ ಎಂದು ಅಳೆದು ಬರೆದುಕೊಂಡರು. ಕಾಗದದ ಮೇಲೆ ಗಣಿತದಿಂದ ಹಾಕಿದ ಲೆಕ್ಕಕ್ಕೂ ಬಂಡೆ ಕೊಟ್ಟ ಉತ್ತರಕ್ಕೂ ತಾಳೆಯಾಗುತ್ತದೋ ಇಲ್ಲವೋ ನೋಡುವುದು ಉದ್ದೇಶ.

ಕೋಲಾರವೇ ಯಾಕೆ? ಅಷ್ಟು ಆಳಕ್ಕೆ ಇಳಿಯಲು ಲಿಫ್ಟು, ಗಾಳಿ, ವಿದ್ಯುತ್ತು ಎಲ್ಲ ಸಿದ್ಧವಾಗಿದ್ದ ಜಾಗ ದೇಶದಲ್ಲಿ ಬೇರೆ ಎಷ್ಟಿದ್ದವು? ಮೂರು ಕಿಲೋಮೀಟರಿಗೂ ಮಿಕ್ಕಿ ಆಳಕ್ಕೆ ಇಳಿದ ಗಣಿ ಇದು. 1965ರಲ್ಲಿ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣವನ್ನು ಹುಡುಕಲು ವಿಜ್ಞಾನಿಗಳು ಇದೇ ಚಾಂಪಿಯನ್ ರೀಫಿನ ಪಾತಾಳಕ್ಕೆ ಇಳಿದಿದ್ದರು. ಗಣಿಯಲ್ಲಿ ಚಿನ್ನ ತೆಗೆಯುವವರ ಜೊತೆಗೆ ವಿಜ್ಞಾನದವರೂ ಬಂದುಹೋಗುವುದು ಊರಿಗೆ ಹೊಸತೇನಲ್ಲ.

ಕಸ ಅಂದರೆ ಎಂಥ ಕಸ?

ಅಣುಸ್ಥಾವರದಲ್ಲಿ ಉರಿದ ಇಂಧನದಿಂದ ಉಪಯೋಗಕ್ಕೆ ಬರುವುದನ್ನು ತೆಗೆದುಕೊಂಡ ಮೇಲೆ ಉಳಿಯುವ ಜಾಸ್ತಿ ವಿಕಿರಣದ ದ್ರವವನ್ನು ನಮ್ಮ ದೇಶದಲ್ಲಿ ಗಾಜಿನೊಂದಿಗೆ ಕರಗಿಸಿ, ಗಟ್ಟಿ ಮಾಡಿ, ಉಕ್ಕಿನ ಡಬ್ಬಿಗಳಲ್ಲಿ ತುಂಬುತ್ತಾರೆ. ಈ ಕೆಲಸಕ್ಕೆ ಟ್ರಾಂಬೆ, ತಾರಾಪುರ, ಕಲ್ಪಾಕ್ಕಂನಲ್ಲಿ ಘಟಕಗಳಿವೆ. ಕರ್ನಾಟಕದಲ್ಲೇ ಕೈಗಾ ಸ್ಥಾವರ ಇರುವಾಗ ಇದು ಯಾವುದೋ ದೂರದೂರಿನ ಸಮಾಚಾರ ಎಂದು ಕೈತೊಳೆದುಕೊಳ್ಳುವ ಹಾಗೂ ಇಲ್ಲ.

ಆ ಗಾಜು ತಣ್ಣಗಿರುವುದಿಲ್ಲ. ಒಳಗಿನ ಸೀಸಿಯಂ, ಸ್ಟ್ರಾನ್ಷಿಯಂ ಎಂಬ ಧಾತುಗಳು ವಿಕಿರಣ ಸೂಸುತ್ತಾ ಡಬ್ಬಿಯನ್ನು ಬಿಸಿಯಾಗಿ ಇಟ್ಟಿರುತ್ತವೆ. ಇವೆರಡರ ಶಕ್ತಿ ಸುಮಾರು 30 ವರ್ಷಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತದೆ. 300 ವರ್ಷ ಕಳೆದರೆ ಸಾವಿರದಲ್ಲಿ ಒಂದು ಪಾಲು. ಆದರೆ ಪ್ಲುಟೋನಿಯಂನಂಥದ್ದು ಒಂದಿಷ್ಟು ಉಳಿದಿದ್ದರೆ ಅದು ಅರ್ಧವಾಗುವುದಕ್ಕೇ 24 ಸಾವಿರ ವರ್ಷ ಬೇಕು. ಆದ್ದರಿಂದ ಇಂಥ ಕಸವನ್ನು ನೆಲದ ಕೆಳಗೆ ಗಟ್ಟಿ ಬಂಡೆಯಲ್ಲಿ ಹೂಳಬೇಕೆಂಬುದು ಹಲವು ದೇಶಗಳ ತೀರ್ಮಾನ. ಫಿನ್ಲೆಂಡಿನವರು ಒಲ್ಕಿಲುವೊಟೊ ಎಂಬಲ್ಲಿ 400 ಮೀಟರಿಗೂ ಕೆಳಗೆ ಸುರಂಗಗಳನ್ನೇ ತೋಡಿಕೊಂಡಿದ್ದಾರೆ.

ಸರಿ, ಹೂಳಿದರೆ ಮುಗಿಯಿತಲ್ಲ ಅಂತೀರಾ? ಮುಗಿಯುವುದಿಲ್ಲ. ತಾಪತ್ರಯ ಶುರುವಾಗುವುದೇ ಅಲ್ಲಿಂದ.

ಮೂವರ ಜಗಳ

ಬಿಸಿ ಡಬ್ಬಿಯನ್ನು ಬಂಡೆಯಲ್ಲಿಟ್ಟರೆ ಬಂಡೆ ಹಿಗ್ಗುತ್ತದೆ. ಹಿಗ್ಗುವುದು ಬಹಳ ಕಮ್ಮಿ. ಒಂದು ಮೀಟರ್ ಉದ್ದದ ಗ್ರಾನೈಟ್ ಕಲ್ಲನ್ನು 50 ಡಿಗ್ರಿ ಹೆಚ್ಚು ಬಿಸಿ ಮಾಡಿದರೆ ಅರ್ಧ ಮಿಲಿಮೀಟರ್ ಕೂಡ ಹಿಗ್ಗುವುದಿಲ್ಲ. ಅಂಗಳದಲ್ಲಿ ಬಿದ್ದ ಕಲ್ಲಾದರೆ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ನೆಲದಾಳದಲ್ಲಿ ಸುತ್ತ ಎಲ್ಲ ಕಡೆ ಬಂಡೆಯೇ. ಹಿಗ್ಗಲು ಜಾಗವಿಲ್ಲ. ಜಾಗವಿಲ್ಲದ ಕಲ್ಲು ಒತ್ತುತ್ತದೆ. ಆ ಒತ್ತಡ ಒಂದು ಚದರ ಸೆಂಟಿಮೀಟರಿಗೆ ನೂರು, ಇನ್ನೂರು ಕಿಲೋ ಭಾರ ಹೇರಿದಷ್ಟಾದೀತು.

ಒತ್ತಿದಾಗ ಬಂಡೆಯೊಳಗಿನ ಬಿರುಕುಗಳು ಕಿರಿದಾಗುತ್ತವೆ. ಬಿರುಕಿನ ಅಗಲ ಅರ್ಧವಾದರೆ ಹರಿಯುವ ನೀರು ಅರ್ಧಕ್ಕೆ ಇಳಿಯುತ್ತದೆ ಎಂದುಕೊಂಡರೆ ತಪ್ಪು. ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಅದೇ ರೀತಿ ಇನ್ನೊಂದು ಕಡೆ ಬಿರುಕು ಎರಡರಷ್ಟು ಬಾಯಿಬಿಟ್ಟರೆ ನೀರು ಎಂಟರಷ್ಟು ನುಗ್ಗುತ್ತದೆ.

ಇನ್ನು ನೀರಿನ ಕಥೆ. ಬಿಸಿಯಾದ ನೀರು ಬಂಡೆಗಿಂತ ಹತ್ತಾರು ಪಟ್ಟು ಹೆಚ್ಚು ಹಿಗ್ಗುತ್ತದೆ. ಬಿರುಕಿನಲ್ಲಿ ಸಿಕ್ಕಿಕೊಂಡ ನೀರಿಗೆ ದಾರಿ ಇಲ್ಲದಿದ್ದರೆ ಅದೂ ಬಂಡೆಯನ್ನು ಒಳಗಿನಿಂದ ತಳ್ಳುತ್ತದೆ. ದಾರಿ ಸಿಕ್ಕಿದರೆ ಹರಿದುಹೋಗುತ್ತಾ ಬಿಸಿಯನ್ನೂ ಹೊತ್ತೊಯ್ಯುತ್ತದೆ. ಬಿಸಿ ಕಮ್ಮಿಯಾದರೆ ಬಂಡೆ ಕುಗ್ಗುತ್ತದೆ, ಬಿರುಕು ಮತ್ತೆ ಅಗಲವಾಗುತ್ತದೆ, ನೀರಿನ ದಾರಿ ಮತ್ತೆ ಬದಲಾಗುತ್ತದೆ.

ನೋಡಿದಿರಾ? ಬಿಸಿ ಬಂಡೆಯನ್ನು ಕೆಣಕುತ್ತದೆ, ಬಂಡೆ ನೀರನ್ನು ಕೆಣಕುತ್ತದೆ, ನೀರು ತಿರುಗಿ ಬಿಸಿಯನ್ನೇ ಕೆಣಕುತ್ತದೆ. ಯಾರು ಮೊದಲು ಜಗಳ ತೆಗೆದದ್ದು ಎಂದು ಪಂಚಾಯಿತಿ ಮಾಡಲು ಬಾರದು. ವಿಜ್ಞಾನದವರು ಇದನ್ನು ‘ಜೋಡಿಕೊಂಡ ಸಮಸ್ಯೆ’ ಎನ್ನುತ್ತಾರೆ. ಒಂದನ್ನು ಬಿಟ್ಟು ಇನ್ನೊಂದರ ಲೆಕ್ಕ ಹಾಕಿದರೆ ಉತ್ತರ ತಪ್ಪುತ್ತದೆ.

ಕಲ್ಲು ಕೆಲಸದವರಿಗೆ ಗೊತ್ತಿದ್ದ ಗುಟ್ಟು

ಇದರ ಮೊದಲ ಪಾಠ ಈ ಕಡೆಯ ಕಲ್ಲು ಕೆಲಸದವರಿಗೆ ಹಿಂದಿನಿಂದಲೂ ಗೊತ್ತು. ಬಂಡೆಯ ಮೇಲೆ ಸೌದೆ ಸಾಲಾಗಿಟ್ಟು ಬೆಂಕಿ ಹಾಕುತ್ತಾರೆ. ಬೆಂಕಿಯನ್ನು ಮೆಲ್ಲಗೆ ಮುಂದೆ ಸರಿಸುತ್ತಾ, ಸುತ್ತಿಗೆಯಿಂದ ತಟ್ಟಿ ಶಬ್ದ ಕೇಳುತ್ತಾ ಹೋಗುತ್ತಾರೆ. ಮೇಲಿನ ಪದರ ಹಿಗ್ಗಿ, ಕೆಳಗಿನ ತಣ್ಣನೆ ಬಂಡೆಯಿಂದ ಬಿಟ್ಟುಕೊಂಡು ಚಪ್ಪಡಿಯಾಗಿ ಏಳುತ್ತದೆ. ಮದ್ದು ಬೇಡ, ಯಂತ್ರ ಬೇಡ. ಬೆಂಗಳೂರು ಸೀಮೆಯ ಈ ವಿದ್ಯೆ ನೋಡಿ ಬೆರಗಾಗಿ 1895ರಲ್ಲಿ ಲಂಡನ್ನಿನ ‘ನೇಚರ್’ ಪತ್ರಿಕೆಯಲ್ಲಿ ಬರೆದವರೂ ಇದ್ದಾರೆ.

ಕಲ್ಲು ಕೆಲಸದವರ ಲೆಕ್ಕ ಕಿವಿಯಲ್ಲಿ, ಕೈಯಲ್ಲಿ. ಚಪ್ಪಡಿ ಎದ್ದರೆ ಲೆಕ್ಕ ಸರಿ, ಮುರಿದರೆ ತಪ್ಪು. ಸಂಜೆಯೊಳಗೆ ಫಲಿತಾಂಶ ಗೊತ್ತಾಗುತ್ತದೆ. ಅಣುಕಸ ಹೂಳುವವರಿಗೆ ಆ ಅನುಕೂಲ ಇಲ್ಲ. ಸಾವಿರಾರು ವರ್ಷ ಕಾದು ಕೂತು ನೋಡುವವರು ಯಾರು? ಆದ್ದರಿಂದ ಕಂಪ್ಯೂಟರಿನ ಮೊರೆ ಹೋಗಬೇಕು.

ಬಸ್ಸು ತಡವಾದ ಹಾಗೆ

ಕಂಪ್ಯೂಟರು ಮಾಡುವುದಾದರೂ ಏನು? ದಿನಾ ಬಸ್ಸು ಹತ್ತುವವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ.

ಒಂದು ಬಸ್ಸು ಐದು ನಿಮಿಷ ತಡವಾಯಿತು ಎನ್ನಿ. ಮುಂದಿನ ಸ್ಟಾಪಿನಲ್ಲಿ ಅಷ್ಟರಲ್ಲಿ ಜನ ಜಾಸ್ತಿ ಸೇರಿರುತ್ತಾರೆ. ಅವರೆಲ್ಲ ಹತ್ತಲು ಹೊತ್ತು ಹಿಡಿಯುತ್ತದೆ. ಬಸ್ಸು ಇನ್ನೂ ತಡ. ಅದರ ಮುಂದಿನ ಸ್ಟಾಪಿನಲ್ಲಿ ಇನ್ನೂ ಜನ. ಹಿಂದೆ ಬರುವ ಬಸ್ಸಿಗೆ ಜನವೇ ಇಲ್ಲ, ಅದು ಓಡಿಬಂದು ಇದರ ಬೆನ್ನಿಗೆ ನಿಲ್ಲುತ್ತದೆ. ಕೊನೆಗೆ ಅರ್ಧ ಗಂಟೆ ಒಂದೂ ಬಸ್ಸಿಲ್ಲ, ಬಂದರೆ ಎರಡು ಒಟ್ಟಿಗೆ! ಜನದಿಂದ ತಡ, ತಡದಿಂದ ಜನ. ಜನರನ್ನು ಮಾತ್ರ ಎಣಿಸಿದರೂ, ಗಡಿಯಾರ ಮಾತ್ರ ನೋಡಿದರೂ ಇದು ಬಗೆಹರಿಯುವುದಿಲ್ಲ. ಎರಡನ್ನೂ ಪ್ರತಿ ಸ್ಟಾಪಿನಲ್ಲೂ ಒಟ್ಟಿಗೆ ಲೆಕ್ಕ ಹಾಕುತ್ತಾ ಬರಬೇಕು.

ಬಂಡೆಯ ಲೆಕ್ಕವೂ ಹೀಗೇ. ಕಂಪ್ಯೂಟರಿನೊಳಗೆ ಬಂಡೆಯನ್ನು ಸಾವಿರಾರು ತುಂಡುಗಳಾಗಿ ಹಂಚಿಕೊಳ್ಳುತ್ತಾರೆ. ಒಂದೊಂದು ತುಂಡಿಗೂ ಮೂರು ಕಾಲಂ: ಬಿಸಿ ಎಷ್ಟು, ನೀರಿನ ಒತ್ತಡ ಎಷ್ಟು, ಕಲ್ಲಿನ ಒತ್ತಡ ಎಷ್ಟು. ಒಂದು ಗಂಟೆಯೋ ಒಂದು ದಿನವೋ ಮುಂದಕ್ಕೆ ಹೋಗಿ ಮೂರನ್ನೂ ತಿದ್ದುತ್ತಾರೆ. ಮತ್ತೆ ಮುಂದಕ್ಕೆ ಹೋಗಿ ಮತ್ತೆ ತಿದ್ದುತ್ತಾರೆ.

ಇದರಲ್ಲೂ ಎರಡು ಪಂಥ. ಮೂರನ್ನೂ ಒಂದೇ ಏಟಿಗೆ ಬಿಡಿಸುವವರು ಒಂದು ಕಡೆ. ಇದು ಖಚಿತ, ಆದರೆ ಕಂಪ್ಯೂಟರಿಗೆ ಭಾರಿ ಹೊರೆ. ಇನ್ನೊಂದು ಕಡೆಯವರು ಎರಡು ಲೆಕ್ಕ ಇಟ್ಟುಕೊಂಡು ಚೀಟಿ ಬದಲಾಯಿಸಿಕೊಳ್ಳುತ್ತಾರೆ. ಮಂಡಿಯವನ ಖಾತೆಗೂ ಚಿಲ್ಲರೆ ಅಂಗಡಿಯವನ ಖಾತೆಗೂ ದಿನಾ ಸಂಜೆ ತಾಳೆ ನೋಡಿದ ಹಾಗೆ. ಅಮೆರಿಕದ ಬರ್ಕ್ಲಿ ಪ್ರಯೋಗಾಲಯದವರ ‘ಟಫ್-ಫ್ಲ್ಯಾಕ್’ ಈ ಎರಡನೇ ಜಾತಿಯದು. ‘ಟಫ್’ ಬಿಸಿ ಮತ್ತು ನೀರಿನ ಲೆಕ್ಕ ನೋಡುತ್ತದೆ, ‘ಫ್ಲ್ಯಾಕ್’ ಕಲ್ಲಿನ ಲೆಕ್ಕ ನೋಡುತ್ತದೆ. ತಾಳೆ ನೋಡುವುದು ತಡವಾದರೆ ಅಥವಾ ಯಾರೋ ಒಬ್ಬರು ತಪ್ಪು ಅಂಕಿ ಕೊಟ್ಟರೆ ಎರಡು ಖಾತೆಯೂ ಕೆಟ್ಟವು.

ಹಾಗಾದರೆ ಕಂಪ್ಯೂಟರು ಹೇಳಿದ್ದು ಸರಿ ಎಂದು ಹೇಳುವವರು ಯಾರು? ತನ್ನ ಅಂಗಡಿಯ ತಕ್ಕಡಿಯನ್ನು ತಾನೇ ಪರೀಕ್ಷೆ ಮಾಡಿ ಸೀಲು ಹಾಕಿಕೊಳ್ಳುವುದಕ್ಕೆ ಯಾವ ವರ್ತಕನಿಗಾದರೂ ಅನುಮತಿ ಇದೆಯೆ?

ತಕ್ಕಡಿ ಪರೀಕ್ಷೆಯ ಕಮ್ಮಟ

ಈ ಪ್ರಶ್ನೆಗೆ ಉತ್ತರವಾಗಿಯೇ ಹುಟ್ಟಿದ್ದು ‘ಡೆಕೋವಾಲೆಕ್ಸ್’ ಎಂಬ ಏರ್ಪಾಡು. ಹೆಸರು ಔಷಧಿ ಮಾತ್ರೆಯ ಹಾಗಿದೆ, ಅರ್ಥ ಮಾತ್ರ ಸರಳ. ಜೋಡಿಕೊಂಡ ಸಮಸ್ಯೆಗಳ ಮಾದರಿಗಳನ್ನು ಕಟ್ಟುವುದು, ಕಟ್ಟಿದ್ದನ್ನು ಪ್ರಯೋಗದ ಮುಂದೆ ನಿಲ್ಲಿಸಿ ಒರೆಗೆ ಹಚ್ಚುವುದು. 1992ರಲ್ಲಿ ಸ್ವೀಡನ್ನಿನ ಅಣುಶಕ್ತಿ ತಪಾಸಣಾ ಇಲಾಖೆಯ ಮುಂದಾಳುತನದಲ್ಲಿ ಇದು ಶುರುವಾಯಿತು. ಬರ್ಕ್ಲಿಯ ಚಿನ್-ಫು ತ್ಸಾಂಗ್, ಸ್ವೀಡನ್ನಿನ ಓವ್ ಸ್ಟೆಫಾನ್ಸನ್, ಲಾನ್ರು ಜಿಂಗ್ ಮೊದಲಾದವರು ಇದನ್ನು ಕಟ್ಟಿ ಬೆಳೆಸಿದವರು.

ಮೂರು ನಾಲ್ಕು ವರ್ಷಕ್ಕೊಂದು ಸುತ್ತು. ವರ್ಷಕ್ಕೆ ಎರಡು ಸಲ ಒಂದೊಂದು ದೇಶದಲ್ಲಿ ಕಮ್ಮಟ. 1992ರಿಂದ ಸುತ್ತಿನ ಮೇಲೆ ಸುತ್ತು ನಡೆದು, 2023ಕ್ಕೆ ಒಂದು ಸುತ್ತು ಮುಗಿದ ಮೇಲೆ ಮತ್ತೊಂದು ಶುರುವಾಗಿದೆ. ಯೂರೋಪಿನ ಹಲವು ದೇಶಗಳು, ಅಮೆರಿಕ, ಜಪಾನ್, ಕೊರಿಯಾ, ಚೀನಾ ಹೀಗೆ ನಾನಾ ಕಡೆಯ ತಂಡಗಳು ಇದರಲ್ಲಿ ಕೂತೆದ್ದಿವೆ. ವಿಶೇಷವೆಂದರೆ ಕಸ ಹೂಳುವ ಕೆಲಸದವರೂ, ಅವರ ಮೇಲೆ ಕಣ್ಣಿಡಬೇಕಾದ ಸರ್ಕಾರಿ ತಪಾಸಣೆಯವರೂ ಒಂದೇ ಮೇಜಿನ ಸುತ್ತ ಕೂರುತ್ತಾರೆ.

ಕಮ್ಮಟದ ರೀತಿ ಇಷ್ಟು. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ. ಇಂಥ ಜಾಗದಲ್ಲಿ ಇಂಥ ಸುರಂಗ, ಇಂಥ ಬಂಡೆ, ಇಷ್ಟು ಬಿಸಿಯ ಹೀಟರು. ಇಷ್ಟು ದಿನದ ಮೇಲೆ ಇಂಥಿಂಥ ಜಾಗದಲ್ಲಿ ಬಿಸಿ ಎಷ್ಟು, ನೀರಿನ ಒತ್ತಡ ಎಷ್ಟು, ಬಂಡೆ ಎಷ್ಟು ಸರಿದಿರುತ್ತದೆ? ಪ್ರಯೋಗ ನಡೆಸಿದವರ ಬಳಿ ಅಳತೆ ಇರುತ್ತದೆ, ಆದರೆ ಮೊದಲೇ ತೋರಿಸುವುದಿಲ್ಲ. ಪ್ರತಿ ತಂಡವೂ ತನ್ನ ಲೆಕ್ಕ ತಾನು ಹಾಕಿ ತರಬೇಕು. ಆಮೇಲೆ ಎಲ್ಲರ ಗೆರೆಗಳನ್ನೂ ಒಂದೇ ಹಾಳೆಯ ಮೇಲೆ ಎಳೆಯುತ್ತಾರೆ. ಕೊನೆಗೆ ಅದರ ಮೇಲೆ ಬಂಡೆ ಕೊಟ್ಟ ನಿಜವಾದ ಗೆರೆ.

ಯಾರ ಗೆರೆ ಹತ್ತಿರ, ಯಾರದು ದೂರ ಎಂಬುದು ಸಭೆಯಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ. ದೊಡ್ಡ ದೇಶ, ದೊಡ್ಡ ಕಂಪ್ಯೂಟರು ಎಂದು ಬಂಡೆ ಮುಲಾಜು ನೋಡುವುದಿಲ್ಲ!

ಸ್ವಿಟ್ಜರ್ಲೆಂಡಿನ ಸುರಂಗ

ಈ ಕಮ್ಮಟಗಳಲ್ಲಿ ಹೆಸರು ಮಾಡಿದ ಪ್ರಶ್ನೆಗಳಲ್ಲಿ ಒಂದು ‘ಫೆಬೆಕ್ಸ್’ ಸುರಂಗದ್ದು. ಸ್ವಿಟ್ಜರ್ಲೆಂಡಿನ ಗ್ರಿಮ್ಸೆಲ್ ಬೆಟ್ಟದೊಳಗಿನ ಪ್ರಯೋಗಶಾಲೆಯಲ್ಲಿ ಗ್ರಾನೈಟ್ ಕೊರೆದು, 70 ಮೀಟರ್ ಉದ್ದ, ಎರಡೂಕಾಲು ಮೀಟರ್ ಅಗಲದ ಗುಂಡನೆ ಸುರಂಗ ಮಾಡಿದರು. ತುದಿಯಲ್ಲಿ ಕಸದ ಡಬ್ಬಿಯ ಗಾತ್ರದ ಎರಡು ವಿದ್ಯುತ್ ಹೀಟರು. ಅವುಗಳ ಸುತ್ತ ಬೆಂಟೊನೈಟ್ ಎಂಬ ಜೇಡಿಮಣ್ಣಿನ ಇಟ್ಟಿಗೆಗಳ ಗೋಡೆ.

ಈ ಬೆಂಟೊನೈಟ್ ಉತ್ತರ ಕರ್ನಾಟಕದ ಎರೆಮಣ್ಣಿನ ದಾಯಾದಿ. ಎರೆಹೊಲ ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಾಯಿಬಿಡುತ್ತದೆ, ಮಳೆ ಬಿದ್ದರೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಡಬ್ಬಿಯ ಸುತ್ತ ಇಂಥ ಮಣ್ಣಿಟ್ಟರೆ ನೀರು ತಾಗಿದಾಗ ಉಬ್ಬಿ ಸಂದುಗೊಂದು ಮುಚ್ಚಿ, ನೀರನ್ನು ತಡೆದೀತು ಎಂಬುದು ಲೆಕ್ಕಾಚಾರ. ಆದರೆ ಒಳಗಿನಿಂದ ಹೀಟರು ಒಣಗಿಸುತ್ತದೆ, ಹೊರಗಿನಿಂದ ಬಂಡೆಯ ನೀರು ನೆನೆಸುತ್ತದೆ. ಗೆಲ್ಲುವವರು ಯಾರು, ಎಷ್ಟು ದಿನಕ್ಕೆ?

1997ರ ಫೆಬ್ರವರಿಯಲ್ಲಿ ಹೀಟರು ಹೊತ್ತಿಸಿದರು. ಹೀಟರಿನ ಮೈ 100 ಡಿಗ್ರಿ. ಒಂದನ್ನು 2002ರಲ್ಲಿ ಆರಿಸಿ ಬಿಚ್ಚಿ ನೋಡಿದರು. ಇನ್ನೊಂದು 2015ರವರೆಗೆ, ಅಂದರೆ 18 ವರ್ಷ, ಕಾಯುತ್ತಲೇ ಇತ್ತು. ಬಿಚ್ಚಿದಾಗ ಬಂಡೆಯ ಕಡೆಯ ಮಣ್ಣಿನಲ್ಲಿ ನೀರಿನಂಶ ಹೆಚ್ಚು, ಹೀಟರಿನ ಕಡೆ ಕಮ್ಮಿ. ಅಷ್ಟು ವರ್ಷವಾದರೂ ಎರಡೂ ಕಡೆ ಸಮನಾಗಿರಲಿಲ್ಲ.

ಡೆಕೋವಾಲೆಕ್ಸ್ ಕಮ್ಮಟದಲ್ಲಿ ಈ ಪ್ರಯೋಗವನ್ನು ಮೂರು ಭಾಗ ಮಾಡಿ ಪ್ರಶ್ನೆ ಕೊಟ್ಟರು. ಯೂರೋಪು, ಉತ್ತರ ಅಮೆರಿಕ, ಜಪಾನಿನ 10 ತಂಡಗಳು ಕೂತು ಲೆಕ್ಕ ಹಾಕಿದವು. ಮೊದಲ ಭಾಗದಲ್ಲಿ ಹೀಟರಿನ ಮಾತೇ ಇಲ್ಲ. ಸುರಂಗ ಕೊರೆಯುವಾಗ ಎಷ್ಟು ನೀರು ಒಸರುತ್ತದೆ, ಸುತ್ತಲ ಬಂಡೆಯೊಳಗೆ ನೀರಿನ ಒತ್ತಡ ಏನಾಗುತ್ತದೆ ಎಂಬುದಷ್ಟೇ ಪ್ರಶ್ನೆ.

ಕೇಳಲು ಸುಲಭ. ತೂತು ಕೊರೆದರೆ ನೀರು ಅದರೊಳಕ್ಕೆ ಇಳಿಯುತ್ತದೆ, ಸುತ್ತಲ ಒತ್ತಡ ತಗ್ಗುತ್ತದೆ. ಕೊಡದ ತಳದಲ್ಲಿ ತೂತಾದರೆ ಆಗುವುದು ಅದೇ ತಾನೆ? ಆದರೆ ಕೊರೆಯುವ ಯಂತ್ರ ಹತ್ತಿರ ಬಂದಂತೆ ಬಂಡೆಯೊಳಗಿನ ನೀರಿನ ಒತ್ತಡ ಏರಿಬಿಟ್ಟಿತು! ಯಾಕೆಂದರೆ, ಸುರಂಗ ಕೊರೆದಾಗ ಸುತ್ತಲ ಬಂಡೆಯ ಭಾರ ಹಂಚಿಕೆ ಬದಲಾಯಿತು. ಕೆಲವು ಕಡೆ ಬಂಡೆ ಹಿಂಡಿಕೊಂಡಿತು. ಹಿಂಡಿದ ಬಟ್ಟೆಯಲ್ಲಿ ನೀರು ಉಕ್ಕುವಂತೆ ಒತ್ತಡ ಏರಿತು. ನೀರನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ಈ ಏರಿಕೆ ಜನ್ಮದಲ್ಲಿ ಸಿಕ್ಕುವುದಿಲ್ಲ. ಬಂಡೆಯನ್ನೂ ನೀರನ್ನೂ ಜೋಡಿಸಿ, ಬೆಟ್ಟದ ಭಾರ ಯಾವ ದಿಕ್ಕಿನಿಂದ ಎಷ್ಟು ಎಂಬುದನ್ನೂ ಸರಿಯಾಗಿ ಹಾಕಿದರೆ ಮಾತ್ರ ಸಿಕ್ಕುತ್ತದೆ.

ಜಪಾನಿನ ಹಳೆ ಗಣಿ

ಕೋಲಾರದವರಿಗೆ ಹತ್ತಿರ ಎನ್ನಿಸಬಹುದಾದ ಇನ್ನೊಂದು ಪ್ರಶ್ನೆ ಜಪಾನಿನ ಕಮೈಶಿಯದು. ಅದೊಂದು ಕಬ್ಬಿಣದ ಗಣಿ. 1995ರಿಂದ 1999ರ ಸುತ್ತಿನಲ್ಲಿ ಅಲ್ಲಿನ ಬಂಡೆಯಲ್ಲಿ ಗುಂಡಿ ತೋಡಿ, ಬೆಂಟೊನೈಟ್ ತುಂಬಿ, ನಡುವೆ 100 ಡಿಗ್ರಿಯ ಹೀಟರು ಇಟ್ಟು ತಂಡಗಳಿಗೆ ಲೆಕ್ಕ ಕೊಟ್ಟರು.

ಫಲಿತಾಂಶ ಮೂರು ಥರ. ಬಿಸಿಯ ಲೆಕ್ಕ ಚೆನ್ನಾಗಿ ಬಂತು. ನೀರಿನಂಶದ ಲೆಕ್ಕ ಪರವಾಗಿಲ್ಲ. ಒತ್ತಡ, ಸರಿದಾಟದ ಲೆಕ್ಕವೇ ಎಡವಟ್ಟು. ಬಿಸಿ ಒಂದೇ ಸಮ ಹರಡುವ ಸ್ವಭಾವದ್ದು, ಹಿಡಿಯಲು ಸುಲಭ. ಕಲ್ಲಿನ ಒಂದೊಂದು ಬಿರುಕಿಗೂ ಒಂದೊಂದು ಬುದ್ಧಿ. ಎಲ್ಲಿದೆ, ಎಷ್ಟು ಅಗಲ, ಒಳಗೆ ಮಣ್ಣು ತುಂಬಿದೆಯೋ ಖಾಲಿಯೋ ಎಂದು ಪೂರಾ ತಿಳಿಯಬೇಕಾದರೆ ಬಂಡೆಯನ್ನು ಒಡೆದೇ ನೋಡಬೇಕು. ಒಡೆದು ನೋಡಿದರೆ ಪರೀಕ್ಷೆ ಮಾಡಲು ಬಂಡೆಯೇ ಉಳಿಯುವುದಿಲ್ಲ!

ಮಣ್ಣೂ ಕೈಕೊಟ್ಟದ್ದುಂಟು. ಫೆಬೆಕ್ಸಿನ ಜೊತೆಗೇ ಸ್ಪೇನಿನ ಮ್ಯಾಡ್ರಿಡ್ಡಿನಲ್ಲಿ ಪ್ರಯೋಗಾಲಯದೊಳಗೆ ಅದೇ ಥರದ ಒಂದು ನಮೂನೆ ಮಾಡಿಟ್ಟಿದ್ದರು. ಅಲ್ಲಿ ಬೆಂಟೊನೈಟ್ ನೆನೆಯುವುದು ವರ್ಷಗಳು ಕಳೆದಂತೆ ಲೆಕ್ಕಕ್ಕಿಂತ ನಿಧಾನವಾಗುತ್ತಾ ಹೋಯಿತು. ಮೊದಲ ಕೆಲವು ವರ್ಷ ಸರಿಯಿದ್ದ ಲೆಕ್ಕ ಆಮೇಲೆ ಜಾರಿತು. ವಿಜ್ಞಾನಿಗಳು ಮಣ್ಣಿನ ಕಣಕಣದ ಒಳಗಿನ ಸಂದುಗಳನ್ನೂ ಲೆಕ್ಕಕ್ಕೆ ಸೇರಿಸಿ ಮತ್ತೆ ಕೂರಬೇಕಾಯಿತು. ಹತ್ತು ವರ್ಷಕ್ಕೇ ಜಾರುವ ಲೆಕ್ಕ ಹತ್ತು ಸಾವಿರ ವರ್ಷಕ್ಕೆ ನಿಂತೀತೇ ಎಂದು ಯಾರಾದರೂ ಕೇಳಿದರೆ ಅದು ಕುಚೋದ್ಯದ ಪ್ರಶ್ನೆಯಲ್ಲ, ನ್ಯಾಯವಾದ ಪ್ರಶ್ನೆ.

ಇದನ್ನು ಮುಚ್ಚಿಡದೆ ವರದಿಗಳಲ್ಲಿ ಅಚ್ಚು ಹಾಕಿಸಿದ್ದು ಆ ವಿಜ್ಞಾನಿಗಳ ದೊಡ್ಡತನ. ಕಮ್ಮಟಗಳ ಬೆಲೆ ಇರುವುದೂ ಅದರಲ್ಲೇ. ಎಲ್ಲಿ ನಂಬಬಹುದು, ಎಲ್ಲಿ ನಂಬಬಾರದು ಎಂಬ ಗಡಿ ಅಲ್ಲಿ ಗೊತ್ತಾಗುತ್ತದೆ.

ಕೋಲಾರಕ್ಕೆ ಇದರಿಂದ ಏನು?

ಇನ್ನು ಊರಿನ ಮಾತಿಗೆ ಬರೋಣ. ಹೀಟರಿನ ಪ್ರಯೋಗ ನಡೆದಾಗ ಗಣಿ ಬದುಕಿತ್ತು. ಪಂಪುಗಳು ಹಗಲೂ ರಾತ್ರಿ ನೀರೆತ್ತುತ್ತಿದ್ದವು. 2001ರ ಫೆಬ್ರವರಿ 28ಕ್ಕೆ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿತು. ಪಂಪು ನಿಂತ ಮೇಲೆ ಪಾತಾಳದ ಸುರಂಗಗಳಲ್ಲಿ ನೀರು ತುಂಬಿತು.

ಕೋಲಾರದ ಬಂಡೆಯ ಸ್ವಭಾವ ಹಳೆಯ ಗಣಿ ಕಾರ್ಮಿಕರಿಗೆ ಗೊತ್ತು. ಆಳದಲ್ಲಿ ಭಾರ ತಡೆಯಲಾರದೆ ಬಂಡೆ ಬಾಂಬಿನಂತೆ ಸಿಡಿಯುವುದನ್ನು ‘ರಾಕ್ ಬರ್ಸ್ಟ್’ ಎನ್ನುತ್ತಿದ್ದರು. ಅದರಲ್ಲಿ ಮನೆಯವರನ್ನು ಕಳಕೊಂಡ ಕುಟುಂಬಗಳು ಊರಲ್ಲಿ ಈಗಲೂ ಇವೆ. ಬಂಡೆ ವಿದ್ಯೆಗೆಂದೇ 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಇಲ್ಲಿ ಹುಟ್ಟಿದ್ದೂ ಸುಮ್ಮನೆ ಅಲ್ಲ. ಒಂದು ಕಡೆ ಸಿಡಿಯುವ ಬಂಡೆ, ಇನ್ನೊಂದು ಕಡೆ ತುಂಬಿನಿಂತ ನೀರು. ನೀರು ಮತ್ತು ಬಂಡೆ ಜೋಡಿಕೊಂಡರೆ ಏನಾದೀತೆಂಬುದಕ್ಕೆ ಪಕ್ಕದ ಮಹಾರಾಷ್ಟ್ರದ ಕೊಯ್ನಾ ಸಾಕ್ಷಿ. ಅಣೆಕಟ್ಟೆಯಲ್ಲಿ ನೀರು ನಿಂತ ಕೆಲವೇ ವರ್ಷಗಳಲ್ಲಿ, 1967ರ ಡಿಸೆಂಬರಿನಲ್ಲಿ, ಅಲ್ಲಿ ಭೂಮಿ ನಡುಗಿ ಇನ್ನೂರರ ಆಸುಪಾಸು ಜನ ಸತ್ತರು. ಜಲಾಶಯದ ನೀರಿಗೂ ಆ ಕಂಪನಕ್ಕೂ ನಂಟಿದೆ ಎಂದು ಭೂವಿಜ್ಞಾನಿಗಳು ಹೇಳುತ್ತಾರೆ.

ಆದ್ದರಿಂದ ಪ್ರಯೋಗ ನಡೆದ ಜಾಗ ಬೇರೆ, ಕಸ ಹೂಳಲು ಯೋಗ್ಯವಾದ ಜಾಗ ಬೇರೆ. ಹೂಳುವ ಜಾಗ ಯಾರೂ ಕೆದಕದ, ಮುಂದೆಯೂ ಕೆದಕಲು ಕಾರಣವಿಲ್ಲದ ಗಟ್ಟಿ ಬಂಡೆಯಾಗಿರಬೇಕು ಎಂಬುದು ಲೋಕದಲ್ಲಿ ಒಪ್ಪಿಕೊಂಡ ಮಾತು. ನೂರಿಪ್ಪತ್ತು ವರ್ಷ ಚಿನ್ನಕ್ಕಾಗಿ ಜರಡಿಯಂತೆ ಕೊರೆದ, ನೀರು ತುಂಬಿದ ಗಣಿ ಆ ಪಟ್ಟಿಗೆ ಸೇರುವುದು ಹೇಗೆ? 2012ರ ಸ್ಪಷ್ಟನೆಯನ್ನು ಈ ಕಾರಣಕ್ಕಾಗಿ ನಂಬಬಹುದು. ದೊಡ್ಡವರು ಹೇಳಿದರು ಎಂಬುದಕ್ಕಿಂತ, ಬಂಡೆಯೇ ಒಲ್ಲೆ ಎನ್ನುತ್ತಿದೆ ಎಂಬುದು ಗಟ್ಟಿ ಕಾರಣ.

ಆದರೆ ದೇಶದ ಕಸ ದೇಶದಲ್ಲೇ ಎಲ್ಲಿಯಾದರೂ ಇರಲೇಬೇಕು. ಇಂದಲ್ಲ ನಾಳೆ ಯಾವುದೋ ಒಂದು ಜಿಲ್ಲೆಯ ಜನರ ಮುಂದೆ ಅಧಿಕಾರಿಗಳು ಬಣ್ಣದ ನಕ್ಷೆ ಹಿಡಿದು, ಕಂಪ್ಯೂಟರು ಎಲ್ಲ ಸರಿಯಿದೆ ಎಂದಿದೆ ಎನ್ನುತ್ತಾರೆ. ಆಗ ಜನ ಕೇಳಬೇಕಾದ ಪ್ರಶ್ನೆಗಳನ್ನು ಈ ಕಮ್ಮಟಗಳೇ ಕಲಿಸಿಕೊಟ್ಟಿವೆ. ಬಿಸಿ, ನೀರು, ಬಂಡೆ ಮೂರನ್ನೂ ಜೋಡಿಸಿ ಲೆಕ್ಕ ಹಾಕಿದಿರಾ, ಬಿಡಿಬಿಡಿಯಾಗಿಯಾ? ಉತ್ತರ ಗೊತ್ತಿಲ್ಲದ ಮುಂಚೆ ಹಾಕಿದ ಲೆಕ್ಕವಾ, ಗೊತ್ತಾದ ಮೇಲೆ ಹೊಂದಿಸಿದ್ದಾ? ನಿಮ್ಮ ತಂಡ ಬಿಟ್ಟು ಬೇರೆ ಯಾರು ಇದೇ ಲೆಕ್ಕ ಹಾಕಿದ್ದಾರೆ? ಎಲ್ಲಿ ತಪ್ಪಿತು, ಎಷ್ಟು ತಪ್ಪಿತು?

ಈ ನಾಲ್ಕಕ್ಕೂ ಕಾಗದ ತೋರಿಸುವ ಅಧಿಕಾರಿ ಬಂದರೆ ಕುರ್ಚಿ ಹಾಕಿ ಕೂರಿಸಿ ಕೇಳುವುದು ಧರ್ಮ. ಕಾಗದವಿಲ್ಲದೆ ಬರೀ ಭರವಸೆ ತಂದವರಿಗೆ, ತಕ್ಕಡಿಗೆ ಸೀಲು ಹಾಕಿಸಿಕೊಂಡು ಬನ್ನಿ ಸ್ವಾಮಿ ಎಂದು ಹೇಳುವ ಹಕ್ಕು ಸಂತೆಯ ಚಿಲ್ಲರೆ ಅಂಗಡಿಯವನಿಗೂ ಉಂಟು.